ಗಿರಣಿ ಬಾಯಿ

ನಮ್ಮತ್ತೆಗೆ ಬಾಯಿ ಜೋರು ಎಂದು ಬೀದಿಗೆ ಬೀದಿಯೇ ಹೇಳುತ್ತದೆ. ಬೀದಿಗೆ ಗೊತ್ತಿರುವುದು ಅರ್ಧ ಮಾತ್ರ. ಕೂಗಾಡಿ ಬೈಯುವುದು ಅವರಿಗೆ ಎಡಗೈ ಕೆಲಸ. ನಿಜವಾಗಿ ಬೈಯಬೇಕು ಎನಿಸಿದಾಗ ಅವರು ಸದ್ದೇ ಮಾಡುವುದಿಲ್ಲ. ತುಟಿ ಅಗಲಿಸಿ, ಇದ್ದಬದ್ದ ಹಲ್ಲೆಲ್ಲ ಕಾಣುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಗಾಳಿಯಲ್ಲಿ ಇಡುತ್ತಾರೆ. ಗೊತ್ತಿಲ್ಲದವರು ನೋಡಿದರೆ ಮುದುಕಿ ಬರೀ ಬಾಯಿ ಅಗಿಯುತ್ತಿದ್ದಾಳೆ ಎಂದುಕೊಳ್ಳಬೇಕು. ಆ ಬೈಗುಳ ಯಾರಿಗೆ ತಲುಪಬೇಕೋ ಆಕೆಗೆ ಮಾತ್ರ ತಲುಪುತ್ತದೆ.

ಆಕೆ ಎಂದರೆ ಎದುರುಮನೆಯ ಮುದುಕಿ. ನಮ್ಮತ್ತೆ ಆಕೆಗೆ ಇಟ್ಟ ಹೆಸರು ಕಡ್ಡಿ. ಆಕೆ ನಮ್ಮತ್ತೆಗೆ ಇಟ್ಟ ಹೆಸರು ಮೂಟೆ. ಇಬ್ಬರನ್ನೂ ಒಮ್ಮೆ ನೋಡಿದವರು ಯಾಕೆ ಎಂದು ಕೇಳುವುದಿಲ್ಲ. ವಯಸ್ಸಿನಲ್ಲಿ ಹಿರಿಯಳಲ್ಲವೇ ಎಂದು ನಾನು ಮರ್ಯಾದೆಗೆ ಕಡ್ಡಿಯಮ್ಮ ಎನ್ನುತ್ತೇನೆ.

ಇಬ್ಬರೂ ನೂಲಿನ ಗಿರಣಿಯಲ್ಲಿ ಜಡೆ ಕಪ್ಪಗಿದ್ದಾಗ ಸೇರಿ, ನರೆತ ಮೇಲೆ ಹೊರಬಿದ್ದವರು. ನಮ್ಮತ್ತೆಗೆ ಮದುವೆಯಾಯಿತು, ಮಗ ಹುಟ್ಟಿದ, ಗಂಡ ತೀರಿಕೊಂಡರು. ಈ ಮೂರರಲ್ಲಿ ಯಾವುದಕ್ಕೂ ಗಿರಣಿಯ ಸೈರನ್ ಒಂದು ಗಳಿಗೆ ಕಾಯಲಿಲ್ಲ. ಯಂತ್ರದಲ್ಲಿ ಕಡಿದ ಎಳೆಗಳನ್ನು ಹುಡುಕಿ ಜೋಡಿಸುವುದು ಅವರ ಕೆಲಸ. ಹಾಲ್ ತುಂಬ ನೂಲು ಸುತ್ತುವ ಕದಿರುಗಳು ತಿರುಗುವ ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಅರಚಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನ ಹೆಂಗಸರು ಅರಚುವುದನ್ನೇ ಬಿಟ್ಟಿದ್ದರು. ತುಟಿಯಲ್ಲಿ ಆಡುವುದು, ಕಣ್ಣಿನಲ್ಲಿ ಕೇಳುವುದು. ಅತ್ತೆಯ ಕಾಟ, ಗಂಡನ ಕುಡಿತ, ಮಕ್ಕಳ ಜ್ವರ, ಎಲ್ಲವೂ ಹಾರಾಡುವ ಹತ್ತಿ ಧೂಳಿನ ನಡುವೆ ಆ ಗೋಡೆಯಿಂದ ಈ ಗೋಡೆಗೆ ಹೋಗಿಬರುತ್ತಿತ್ತು. ಅದಕ್ಕೆ ಅವರು ಗಿರಣಿ ಬಾಯಿ ಎನ್ನುತ್ತಿದ್ದರು. ಅಮ್ಮ ಎಂದರೂ ಅಪ್ಪ ಎಂದರೂ ತುಟಿ ಒಂದೇ ಥರ ಮುಚ್ಚಿ ತೆರೆಯುವುದರಿಂದ, ಅಪ್ಪ ಎನ್ನುವಾಗ ಮೂಗಿನ ಕೆಳಗೆ ಬೆರಳೆಳೆದು ಮೀಸೆ ತೋರಿಸಬೇಕಿತ್ತು.

ಆ ಗಿರಣಿಯಿಂದ ನಮ್ಮತ್ತೆಗೆ ಉಳಿದದ್ದು ವರ್ಷವಿಡೀ ಬಿಡದ ಒಣಕೆಮ್ಮು ಮತ್ತು ಎರಡು ಕಿವಿ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಬೇಕಾದ್ದು ಮಾತ್ರ ಕೇಳುತ್ತದೆ. ನಾನು ಅಡುಗೆಮನೆಯಲ್ಲಿ ಗೊಣಗುವುದು ಆ ಬೇಕಾದ್ದರಲ್ಲಿ ಸೇರಿದೆ.

ಇನ್ನು ದ್ವೇಷ. ಗಿರಣಿಯಲ್ಲಿ ಒಬ್ಬ ಮೇಸ್ತ್ರಿ ಇದ್ದನಂತೆ, ಎರಡೂ ಪಾದ ಹೊರಗೆ ಹಾಕಿ ನಡೆಯುವವನು. ನಮ್ಮತ್ತೆ ಒಂದು ದಿನ ದೂರದಲ್ಲಿದ್ದ ಗೆಳತಿಗೆ "ಬಾತುಕೋಳಿ ಬಂತು" ಎಂದು ತುಟಿಯಾಡಿಸಿದರು. ಮರುದಿನವೇ ಮೇಸ್ತ್ರಿ ಅವರನ್ನು ಕಿಟಕಿ ಪಕ್ಕದ ಯಂತ್ರದಿಂದ ಎತ್ತಿ ಕಕ್ಕಸಿನ ಗೋಡೆ ಪಕ್ಕಕ್ಕೆ ಹಾಕಿದ. ಗಾಳಿ ಬರುವ ಆ ಕಿಟಕಿ ಜಾಗ ಕಡ್ಡಿಯಮ್ಮನಿಗೆ ಸಿಕ್ಕಿತು. ಚಾಡಿ ಹೇಳಿದವಳು ಅವಳೇ ಎಂದು ನಮ್ಮತ್ತೆ. ಮೇಸ್ತ್ರಿಗೂ ತುಟಿ ಓದುವುದು ಬರುತ್ತಿತ್ತು, ನನ್ನ ಮೇಲ್ಯಾಕೆ ಗೂಬೆ ಕೂರಿಸುತ್ತೀಯ ಎಂದು ಆಕೆ. ಗಿರಣಿಗೆ ಬೀಗ ಬಿತ್ತು, ಮೇಸ್ತ್ರಿ ಸತ್ತ, ಕಟ್ಟಡ ಕೆಡವಿ ಗೋದಾಮು ಕಟ್ಟಿದರು. ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಆದರೂ ಲಾಕ್‌ಡೌನ್ ಬರುವ ಮೊದಲು ಅದಕ್ಕೆ ಸ್ವಲ್ಪ ತುಕ್ಕು ಹಿಡಿದಿತ್ತು. ಹಗಲು ಹೊತ್ತಿನಲ್ಲಿ ಬೀದಿಯ ಗಲಾಟೆ, ಓಡಾಡುವವರು, ಅಂಗಡಿ, ನೀರು. ಮುಖಕ್ಕೆ ಮುಖ ಕೊಟ್ಟು ಕೂರಲು ಯಾರಿಗೆ ಬಿಡುವು? ಎದುರು ಸಿಕ್ಕರೆ ಇಬ್ಬರೂ ಕತ್ತು ಆ ಕಡೆ ತಿರುಗಿಸಿ ಹೋಗುತ್ತಿದ್ದರು, ಅಷ್ಟೇ.

ಆಮೇಲೆ ಎಲ್ಲ ಮುಚ್ಚಿತು. ನಾನು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಗೆ ಶಟರ್ ಎಳೆದರು. ನನ್ನ ಗಂಡ ಬಸ್ ಕಂಡಕ್ಟರ್. ಬಸ್ಸು ನಿಂತು ಮನೆಯಲ್ಲಿ ಕೂತರು. ಕೂತರು ಎಂದೆನೇ? ಆ ಮನುಷ್ಯ ಕೂರಲೇ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಯುತ್ತ, ದಾರಿಗೆ ಅಡ್ಡ ಸಿಕ್ಕಿದವರಿಗೆಲ್ಲ "ಸ್ವಲ್ಪ ಒಳಗೆ ಹೋಗಿ, ಒಳಗೆ ಹೋಗಿ" ಎನ್ನುತ್ತಿದ್ದರು. ಇನ್ನೂ ಒಳಗೆ ಹೋದರೆ ಬಚ್ಚಲುಮನೆ. ಮಗಳ ಪಾಠ ಫೋನಿನಲ್ಲಿ, ಇದ್ದದ್ದು ಒಂದೇ ಫೋನು. ನಾನು ಒಲೆ ಹಚ್ಚಿದರೆ ಅತ್ತೆ ಬೆನ್ನ ಹಿಂದೆ ನಿಂತು ಉಪ್ಪು ಜಾಸ್ತಿ, ಎಣ್ಣೆ ಜಾಸ್ತಿ, ಉರಿ ಜಾಸ್ತಿ ಎನ್ನುತ್ತಿದ್ದರು. ಜಾಸ್ತಿಯಾದದ್ದು ಮನೆಯಲ್ಲಿನ ಜನ ಎಂದು ನಾನು ಗೊಣಗುತ್ತಿದ್ದೆ. ಅದು ಬಲಗಿವಿಗೆ ಕೇಳುತ್ತಿತ್ತು.

ಹೊರಗೆ ಇದಕ್ಕಿಂತ ಕೆಟ್ಟದಾಗಿತ್ತು. ಮೂಲೆಮನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಒಬ್ಬರಿದ್ದಾರೆ. ಹಳೆಯ ಸೀಟಿಯನ್ನು ಹುಡುಕಿ ತೆಗೆದು ಕುತ್ತಿಗೆಗೆ ಹಾಕಿಕೊಂಡರು. ಯಾರೂ ಕೊಡದ ಅಧಿಕಾರವನ್ನು ತಾವೇ ತೆಗೆದುಕೊಂಡು ಬೀದಿಯ ಬಾಯಿಗೆ ಬಿದಿರು ಕಟ್ಟಿಸಿದರು. ಯಾರ ಮನೆಯಲ್ಲಿ ಕೆಮ್ಮಿದರೂ ಸೀಟಿ. ಬೀದಿಯ ಕೊನೆಯ ಮನೆಯಲ್ಲಿ ಒಬ್ಬನಿಗೆ ಕಾಯಿಲೆ ಎಂದು ಗೊತ್ತಾದ ದಿನ ಗಾಡಿಯವರು ಬಂದು ಅವನನ್ನು ಕರೆದೊಯ್ದರು, ಮನೆಯವರನ್ನೂ ಕರೆದೊಯ್ದರು, ಬಾಗಿಲಿಗೆ ತಗಡು ಬಡಿದರು. ಅವನು ತಿರುಗಿ ಬರಲಿಲ್ಲ. ಅವನ ಹೆಂಡತಿ ಬಂದಾಗ ಹಾಲಿನವನು ಆ ಮನೆಯ ಮುಂದೆ ನಿಲ್ಲಲಿಲ್ಲ. ಅಂದಿನಿಂದ ಬೀದಿಯಲ್ಲಿ ಎಲ್ಲರೂ ದಿಂಬಿನೊಳಗೆ ಕೆಮ್ಮಲು ಕಲಿತರು. ನನಗೆ ಆ ಜನರ ಮೇಲೆ ಅಸಹ್ಯ ಹುಟ್ಟಿತ್ತು. ನಾನೂ ದಿಂಬಿನೊಳಗೇ ಕೆಮ್ಮುತ್ತಿದ್ದೆ.

ಇಂಥ ಸಮಯದಲ್ಲಿ ನಮ್ಮತ್ತೆ ಒಂದು ಬೆಳಿಗ್ಗೆ ಮುಂದಿನ ಕೋಣೆಯ ಕಿಟಕಿ ತೆರೆದರು. ಎದುರು ಕಿಟಕಿಯಲ್ಲಿ ಕಡ್ಡಿಯಮ್ಮ. ಎರಡೂ ಮೆಟ್ಟಿಲು ಹತ್ತಿ ಹೋಗುವ ಮನೆಗಳು, ನಡುವೆ ಇರುವುದು ಎರಡು ಸೈಕಲ್ ಎದುರಾದರೆ ಒಬ್ಬರು ಇಳಿಯಬೇಕಾದ ಬೀದಿ. ಕತ್ತು ತಿರುಗಿಸಿ ಹೋಗಲು ಇಬ್ಬರಿಗೂ ಹೋಗುವ ಜಾಗವಿರಲಿಲ್ಲ. ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿದರು. ಆಮೇಲೆ ನಮ್ಮತ್ತೆಯ ತುಟಿ ಅಗಲವಾಯಿತು.

"ಏನಂದ್ರಿ ಅತ್ತೆ?" ಎಂದೆ.

"ಇನ್ನೂ ಬದುಕಿದ್ದೀಯಾ ಅಂದೆ."

"ಅದಕ್ಕೆ ಆಕೆ?"

"ನಿನ್ನ ಕಳಿಸಿಕೊಟ್ಟೇ ಹೋಗೋದು ಅಂತಾಳೆ. ಸೊಕ್ಕು ನೋಡು ಅವಳದು."

ಅಂದಿನಿಂದ ಅದೇ ದಿನಚರಿ. ಟೀ ಕುಡಿದು ಲೋಟ ಕೆಳಗಿಟ್ಟರೆ ಅತ್ತೆ ಕಿಟಕಿಗೆ ಹಾಜರು. ಬಾತುಕೋಳಿಯಿಂದ ಶುರುವಾದದ್ದು ಯಾರ ಮಗ ದಡ್ಡ, ಯಾರ ಸೊಸೆ ಸೋಮಾರಿ ಎನ್ನುವವರೆಗೆ ಬರುತ್ತಿತ್ತು. ಒಂದು ಸಲ ನಮ್ಮತ್ತೆ ನನ್ನನ್ನು ಬಿಟ್ಟುಕೊಡದೆ ವಾದಿಸಿದರು ಎಂದು ತಿಳಿದು ನನಗೆ ಖುಷಿಯಾಯಿತು. ವಾದ ಏನೆಂದರೆ, ಆಕೆಯ ಸೊಸೆ ನನಗಿಂತ ಸೋಮಾರಿ. ನಾನು ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ಕೂತು ನೋಡಿ ನೋಡಿ, ಅವರಿಂದ ಕೇಳಿ ಕೇಳಿ, ಅಷ್ಟಿಷ್ಟು ತುಟಿ ಓದಲು ಕಲಿತೆ. ಮೊದಲು ಕಲಿತವೆಲ್ಲ ಬೈಗುಳ.

ಇಡೀ ಬೀದಿ ಹೆದರಿ ಬಾಯಿ ಮುಚ್ಚಿಕೊಂಡಿದ್ದಾಗ ಬಾಯಿ ತೆರೆದಿದ್ದವರು ಇವರಿಬ್ಬರೇ, ಅದೂ ಸದ್ದಿಲ್ಲದೆ. ಜನಕ್ಕೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮುದುಕಿಯರು ಶಾಪ ಹಾಕುತ್ತಿದ್ದಾರೆ ಎಂದು ಒಬ್ಬರು, ತಲೆ ಕೆಟ್ಟಿದೆ ಎಂದು ಇನ್ನೊಬ್ಬರು. ಡ್ರಿಲ್ ಮೇಷ್ಟ್ರು ಕೆಳಗೆ ನಿಂತು ಸೀಟಿ ಊದಿದರು.

"ಮಾಸ್ಕ್ ಹಾಕ್ಕೊಳ್ಳಿ! ಕಿಟಕಿಯಲ್ಲಿ ಕೂತ್ರೂ ಮಾಸ್ಕ್ ಹಾಕ್ಕೊಬೇಕು!"

"ಮಾಸ್ಕ್ ಹಾಕ್ಕೊಂಡ್ರೆ ಮೂಗಿನಲ್ಲಿ ಬೈಯ್ಲಾ ಮೇಷ್ಟ್ರೇ?" ಎಂದರು ನಮ್ಮತ್ತೆ, ಇದು ಮಾತ್ರ ಗಟ್ಟಿಯಾಗಿ.

ಕಡ್ಡಿಯಮ್ಮನ ಮಗ ಮನೆಗಳಿಗೆ ಬಣ್ಣ ಹೊಡೆಯುವವನು. ಯಾರು ಈಗ ಬಣ್ಣ ಹೊಡೆಸುತ್ತಾರೆ? ತಳ್ಳುಗಾಡಿಯಲ್ಲಿ ತರಕಾರಿ ಮಾರಲು ಶುರು ಮಾಡಿದ್ದ. ಬೆಳಿಗ್ಗೆ ಸಂತೆಗೆ ಹೋಗಿ ಬಂದು ಬಿದಿರಿನ ಆಚೆ ನಿಲ್ಲುತ್ತಿದ್ದ, ಬೀದಿಯವರು ಈಚೆಯಿಂದ ಚೀಲ ಚಾಚುತ್ತಿದ್ದರು. ಹೆಂಡತಿ, ಒಂದು ಪುಟ್ಟ ಹೆಣ್ಣುಮಗು, ತಾಯಿ, ಎಲ್ಲರ ಹೊಟ್ಟೆ ಆ ಗಾಡಿಯ ಮೇಲೆ. ಹೀಗಿರುವಾಗ ಒಂದು ಬೆಳಿಗ್ಗೆ ಎದುರು ಕಿಟಕಿ ತೆರೆಯಲಿಲ್ಲ.

"ಹೆದರಿಬಿಟ್ಟಳು. ನಿನ್ನೆ ನಾನು ಕೊಟ್ಟಿದ್ದು ಹಾಗಿತ್ತು," ಎಂದು ಅತ್ತೆ ಗೆದ್ದವರಂತೆ ಎದ್ದು ಬಂದರು. ಆದರೂ ಮಧ್ಯಾಹ್ನ ಎರಡು ಸಲ ಹೋಗಿ ನೋಡಿ ಬಂದರು. ಮರುದಿನ ಕಿಟಕಿ ಅರ್ಧ ತೆರೆದು ಕಡ್ಡಿಯಮ್ಮನ ಮುಖ ಕಂಡಿತು, ಹಿಂದಿನಿಂದ ಮಗನ ಕೈ ಬಂದು ಕದ ಎಳೆದುಕೊಂಡಿತು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಡ್ರಿಲ್ ಮೇಷ್ಟ್ರು ಕೆಳಗಿನಿಂದ ವಿಚಾರಿಸಿದಾಗ ಮಗ ಬಾಗಿಲಲ್ಲಿ ನಿಂತು, "ಗಿರಣಿ ಕೆಮ್ಮು ಸಾರ್, ಹಳೇದು. ಎದುರುಮನೆ ಅಜ್ಜಿಗೂ ಇಲ್ವಾ?" ಎಂದ. ಮೇಷ್ಟ್ರು ನಮ್ಮ ಕಿಟಕಿಯತ್ತ ಕಣ್ಣು ಹಾಯಿಸಿ ಹೋದರು. ಅವನು ತನ್ನ ಮನೆ ಉಳಿಸಿಕೊಳ್ಳಲು ನಮ್ಮ ಮನೆಯತ್ತ ಬೆರಳು ತೋರಿಸಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು.

ಮೂರನೆಯ ದಿನ ಆ ಕಿಟಕಿ ತೆರೆದದ್ದು ಮಧ್ಯಾಹ್ನ, ಊಟ ಮುಗಿಸಿ ಬೀದಿಯೆಲ್ಲ ಮಲಗಿದ್ದಾಗ. ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ಓಡಿ ಬಂದೆ. ಎದುರುಗಡೆ ಕಡ್ಡಿಯಮ್ಮ ಎರಡೂ ಕೈಯಲ್ಲಿ ಸರಳು ಹಿಡಿದು ನಿಂತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎದೆ ಮೇಲೆ ಕೆಳಗೆ ಹೋಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿದ್ದಂತೆ ಕಾಣಲಿಲ್ಲ. ತುಟಿ ಆಡಿತು. ನನಗೂ ಓದಲು ಬಂತು: ಉಸಿರು ಸಿಗ್ತಿಲ್ಲ.

ನಮ್ಮತ್ತೆ ಸರಳಿಗೆ ಮುಖ ಒತ್ತಿ ಬೀದಿ ಎದ್ದು ಕೂರುವ ಹಾಗೆ ಕಿರುಚಿದರು. "ಲೋ! ನಿಮ್ಮಮ್ಮಂಗೆ ಉಸಿರು ಸಿಗ್ತಿಲ್ಲ ಕಣೋ! ಎಲ್ಲಿ ಸತ್ತೆ?"

ಮಗ ಬಂದ. ತಾಯಿಯ ಹೆಗಲ ಮೇಲಿಂದ ನಮ್ಮನ್ನು ನೋಡಿ, "ನಮ್ಮಮ್ಮ ಚೆನ್ನಾಗಿದ್ದಾರೆ. ಬಾಯಿ ಮುಚ್ಕೊಂಡು ನಿಮ್ಮ ಕೆಲಸ ನೋಡ್ಕೊಳ್ಳಿ," ಎಂದು ಆಕೆಯ ಒಂದು ಕೈಯ ಬೆರಳು ಸರಳಿನಿಂದ ಬಿಡಿಸತೊಡಗಿದ. ಆಕೆ ಬಿಡದೆ ನಮ್ಮತ್ತೆಯನ್ನೇ ನೋಡುತ್ತ ಮತ್ತೇನೋ ಹೇಳಿದಳು. ತುಟಿ ಕೂಡಿತು, ಅಗಲವಾಯಿತು, ತೆರೆಯಿತು. ಮತ್ತೆ ಅದೇ ಮಾತು. ಮತ್ತೆ ಅದೇ. ಆಮೇಲೆ ಕದ ಮುಚ್ಚಿ ಚಿಲಕ ಬಿತ್ತು.

"ಏನಂದ್ರು ಅತ್ತೆ? ಕೊನೇಲಿ ಏನೋ ಅಂದ್ರಲ್ಲ?"

ಅತ್ತೆ ಆ ಮುಚ್ಚಿದ ಕದವನ್ನು ನೋಡುತ್ತ ನಿಂತಿದ್ದರು. "ಬೇಗ ಅಂದ್ಲು. ಬೇಗ, ಬೇಗ ಅಂತಿದ್ದಾಳೆ. ಫೋನ್ ತಗೊಂಡು ಬಾ."

ನನ್ನ ಗಂಡ ಅಡ್ಡ ನಿಂತರು. "ಅಮ್ಮಾ, ನಿನಗೆ ಬುದ್ಧಿ ಇದೆಯಾ? ಫೋನ್ ಮಾಡಿದ್ರೆ ಇಡೀ ಮನೇನ ಎತ್ಕೊಂಡು ಹೋಗ್ತಾರೆ. ಬೀದಿಗೆ ತಗಡು ಹೊಡೀತಾರೆ. ಅವನ ಗಾಡಿ ಮಣ್ಣುಪಾಲು. ಅವನ ತಾಯಿ ಬಗ್ಗೆ ಅವನಿಗಿಲ್ಲದ ಕಾಳಜಿ ನಿನಗ್ಯಾಕೆ? ಅದೂ ಅವಳ ಬಗ್ಗೆ?"

"ಅವಳಾಗೇ ಕೇಳ್ತಿದ್ದಾಳೆ ಅಂತ ಹೇಳಿದ್ನಲ್ಲ. ಪಕ್ಕಕ್ಕೆ ಹೋಗು."

"ಹೋಗಲ್ಲ."

"ಬಸ್ಸಲ್ಲ ಇದು. ಪಕ್ಕಕ್ಕೆ ಹೋಗು ಅಂದೆ!"

ಅತ್ತೆಯೇ ಹೋಗಿ, ಮಗಳು ಪಾಠ ಕೇಳುತ್ತಿದ್ದ ಫೋನನ್ನು ಅವಳ ಕೈಯಿಂದಲೇ ಕಿತ್ತುಕೊಂಡು ಬಂದು ನನ್ನ ಮುಂದೆ ಹಿಡಿದರು. ಅವರಿಗೆ ಹಸಿರು ಗುಂಡಿ ಒತ್ತುವುದು ಬಿಟ್ಟರೆ ಬೇರೇನೂ ಬಾರದು. ನಾನು ಗಂಡನ ಮುಖ ನೋಡಿದೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆದರೆ ಆ ಬೂದಿ ಬಣ್ಣದ ಮುಖವನ್ನು ಅವರು ನೋಡಿರಲಿಲ್ಲ, ನಾನು ನೋಡಿದ್ದೆ. ಸಹಾಯವಾಣಿಗೆ ಫೋನ್ ಹಚ್ಚಿ ಅತ್ತೆಯ ಬಲಗಿವಿಗೆ ಹಿಡಿದೆ.

ಸಂಜೆಯೊಳಗೆ ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ತೊಟ್ಟವರು ಇಳಿದರು. ಕಡ್ಡಿಯಮ್ಮನನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ ಮುಖಕ್ಕೆ ಆಕ್ಸಿಜನ್ ಹಾಕಿದ್ದರು, ತುಟಿ ಕಾಣಲಿಲ್ಲ. ಹಿಂದಿನಿಂದ ಇನ್ನೊಂದು ಗಾಡಿ, ಮಗ, ಸೊಸೆ, ಮೊಮ್ಮಗುವಿಗೆ. ಬಿಳಿ ಬಟ್ಟೆಯವರನ್ನು ನೋಡಿ ಮಗು ಕಿಟಾರನೆ ಕಿರುಚಿಕೊಂಡಿತು. ಮಗ ಗಾಡಿ ಹತ್ತುವ ಮೊದಲು ತಲೆ ಎತ್ತಿ ನಮ್ಮ ಕಿಟಕಿಯತ್ತ ಕೂಗಿದ.

"ಹಳೇ ಸೇಡು ತೀರಿಸ್ಕೊಂಡ್ರಲ್ಲ? ಹೊಟ್ಟೆ ತಣ್ಣಗಾಯ್ತಾ? ನಮ್ಮಮ್ಮಂಗೆ ಏನಾದ್ರೂ ಆಗ್ಲಿ, ನಿಮ್ಮನ್ನ ಸುಮ್ನೆ ಬಿಡಲ್ಲ!"

ಬೀದಿಯ ಎಲ್ಲ ಕಿಟಕಿಗಳೂ ತೆರೆದಿದ್ದವು. ಯಾರೂ ಆ ಮಗುವನ್ನು ನೋಡಲಿಲ್ಲ, ಎಲ್ಲರೂ ನಮ್ಮನ್ನೇ ನೋಡಿದರು.

ಬೀದಿಗೆ ತಗಡು ಬಿತ್ತು. ಅದರ ಜೊತೆ ನಮ್ಮ ಮೇಲೆ ಎಲ್ಲರ ಕಣ್ಣೂ ಬಿತ್ತು. ಅವನ ಗಾಡಿಯ ತರಕಾರಿ ತಿಂದಿದ್ದೇವೆ ಎಂದು ನೆನಪಾಗಿ ಮನೆಮನೆಯವರೂ ಗಂಟಲು ಮುಟ್ಟಿಕೊಂಡರು. ಆದರೆ ಸಿಟ್ಟು ಬಂದದ್ದು ಕಾಯಿಲೆ ಮುಚ್ಚಿಟ್ಟವನ ಮೇಲಲ್ಲ, ಬಾಯಿಬಿಟ್ಟ ನಮ್ಮ ಮೇಲೆ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಕೊಳೆತ ಸೊಪ್ಪು. ನಲ್ಲಿಯ ಹತ್ತಿರ ನಾನು ಬಿಂದಿಗೆ ಇಟ್ಟರೆ ಉಳಿದವರು ತಮ್ಮ ಬಿಂದಿಗೆ ತೆಗೆದುಕೊಂಡು ದೂರ ನಿಲ್ಲುತ್ತಿದ್ದರು. ಡ್ರಿಲ್ ಮೇಷ್ಟ್ರು ನಮ್ಮ ಮನೆಯ ಮುಂದೆ ಬಂದಾಗ ಬೇಕೆಂದೇ ಎರಡು ಸಲ ಸೀಟಿ ಊದುತ್ತಿದ್ದರು. ಬಸ್ಸು ತುಂಬ ಜನ ಬೈದರೂ ನಗುವ ನನ್ನ ಗಂಡ ತಾಯಿಯೊಂದಿಗೆ ಮಾತು ಬಿಟ್ಟರು. "ಅಜ್ಜಿಗೆ ಊಟಕ್ಕೆ ಬಾ ಅಂತ ಹೇಳು," ಎಂದು ಮಗಳ ಮೂಲಕ ಹೇಳಿಸುತ್ತಿದ್ದರು, ಅಜ್ಜಿ ಎದುರಿಗೇ ಕೂತಿದ್ದರೂ.

ಅತ್ತೆಗೆ ಇದ್ಯಾವುದೂ ತಾಗಲಿಲ್ಲವೇ? ತಾಗಿದ್ದು ನನಗೆ ಗೊತ್ತು. ಬೆಳಿಗ್ಗೆ ಟೀ ಆದ ಮೇಲೆ ಅಭ್ಯಾಸಬಲದಿಂದ ಹೋಗಿ ಆ ಮುಚ್ಚಿದ ಕದದ ಎದುರು ಕೂರುತ್ತಿದ್ದರು. ಆಸ್ಪತ್ರೆಯಿಂದ ಸುದ್ದಿ ಇಲ್ಲ. ನಾನು ಫೋನ್ ಮಾಡಿ ಕೇಳಿದರೆ "ನೀವು ಏನಾಗಬೇಕು?" ಎನ್ನುತ್ತಿದ್ದರು. ಏನೆಂದು ಹೇಳಲಿ? ಹಗೆ ಎಂದು ಹೇಳಿದರೆ ಆಸ್ಪತ್ರೆಯವರು ಸುದ್ದಿ ಕೊಡುತ್ತಾರೆಯೇ? ಅತ್ತೆ ಸ್ವಲ್ಪ ಹೊತ್ತು ಕೂತು, ಎದ್ದು ಅಡುಗೆಮನೆಗೆ ಬಂದು, ಕಡ್ಡಿಯಮ್ಮನ ಪಾಲಿನ ಬೈಗುಳವನ್ನೂ ಸೇರಿಸಿ ನನಗೇ ಬಡಿಸುತ್ತಿದ್ದರು.

ಒಂದು ದಿನ ನಾನೂ ತಿರುಗಿಬಿದ್ದೆ. "ನಿಮ್ಮಿಂದ ಇಡೀ ಬೀದಿಗೆ ನಾವು ಬೇಡವಾದ್ವಿ. ನಿಜ ಹೇಳಿ, ಆಕೆ ಬೇಗ ಅಂದಿದ್ದು ಹೌದಾ?"

"ಕಡ್ಡಿ ಮುರಿದ ಹಾಗೆ ಹೇಳ್ತೀನಿ ಕೇಳು. ಅಂದ್ಲು."

ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ "ಬೇಗ" ಎಂದೆ. ಆ ದಿನ ಕಡ್ಡಿಯಮ್ಮನ ತುಟಿ ಹೇಗೆ ಆಡಿತ್ತೋ ಹಾಗೆಯೇ ಆಡಿತು. ಏನೋ ಹೊಳೆದು ಹಾಗೆಯೇ ಸದ್ದಿಲ್ಲದೆ "ಬೇಡ" ಎಂದೆ. ಕೂಡಿತು, ಅಗಲವಾಯಿತು, ತೆರೆಯಿತು. ಒಂದಿಷ್ಟೂ ವ್ಯತ್ಯಾಸವಿಲ್ಲ. ಬೇಗ, ಬೇಡ. ಎರಡನ್ನೂ ಬೇರೆ ಮಾಡುವುದು ನಾಲಿಗೆ, ಅದು ಒಳಗಿರುತ್ತದೆ, ಎದುರುಮನೆಗೆ ಕಾಣುವುದಿಲ್ಲ.

ಹೊರಗೆ ಬಂದು ಅತ್ತೆಯನ್ನು ಕೇಳಿದೆ. "ಗಿರಣಿಯಲ್ಲಿ ಬೇಗಕ್ಕೂ ಬೇಡಕ್ಕೂ ಹೇಗೆ ವ್ಯತ್ಯಾಸ ಮಾಡ್ತಿದ್ರಿ?"

ಅವರು ನನ್ನನ್ನು ಓರೆಗಣ್ಣಿನಿಂದ ನೋಡಿದರು. "ಬೇಡ ಅನ್ನೋವಾಗ ಕೈ ಆಡಿಸ್ತಿದ್ವಿ. ಹೀಗೆ." ಅಂಗೈ ಎತ್ತಿ ಆಚೀಚೆ ಅಲ್ಲಾಡಿಸಿದರು.

"ಆವತ್ತು ಆಕೆ ಕೈ ಆಡಿಸ್ಲಿಲ್ಲ."

"ಸರಳು ಹಿಡ್ಕೊಂಡಿದ್ಲು. ಬಿಟ್ಟಿದ್ರೆ ಬೀಳ್ತಿದ್ಲು."

"ಮತ್ತೆ ಬೇಗ ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಅರ್ಧ ಆಯಸ್ಸು ಆ ಮೂತಿ ನೋಡಿದ್ದೀನಿ. ನಿನಗ್ಯಾಕೆ ಅದೆಲ್ಲ? ಹಾಲು ಉಕ್ಕುತ್ತೆ, ಹೋಗು."

ಹಾಲು ಒಲೆಯ ಮೇಲೆ ಇರಲೇ ಇಲ್ಲ. ಆಕೆ ಸತ್ತರೆ ಬೀದಿ ಹೇಳುವುದೇ ನಿಜವಾಗುತ್ತದೆ ಎಂಬ ಭಯ ನನ್ನನ್ನು ಹಿಡಿಯಿತು. ತಪ್ಪು ಓದಿದರೋ, ಬೇಕೆಂದೇ ಓದಿದರೋ, ಯಾರಿಗೆ ತಿಳಿಯುತ್ತದೆ? ಫೋನ್ ಹಚ್ಚಿದ ಬೆರಳಂತೂ ನನ್ನದು.

ಮೊದಲು ತಿರುಗಿ ಬಂದದ್ದು ಮಗನ ಸಂಸಾರ. ಮೂವರಿಗೂ ಏನೂ ಆಗಿರಲಿಲ್ಲ. ಆದರೆ ಅವನ ಗಾಡಿಯ ಹತ್ತಿರ ಈಗ ಯಾರೂ ಸುಳಿಯುತ್ತಿರಲಿಲ್ಲ. ಬಾಡಿದ ತರಕಾರಿಯನ್ನು ಅವನು ಸಂಜೆ ನಮ್ಮ ಬಾಗಿಲಿಗೇ ತಂದು ಸುರಿದು ಹೋಗುತ್ತಿದ್ದ. ಗುಡಿಸುವವಳು ನಾನು. ಒಂದು ದಿನ ಎದುರು ಹೋಗಿ ಪೊರಕೆ ಎತ್ತಿದೆ. ಅವನು ಉಗಿದು ಹೋದ, ನಾನೂ ಉಗಿದೆ. ಆಮೇಲೆ ಕಡ್ಡಿಯಮ್ಮ ಬಂದಳು. ಗಾಡಿಯಿಂದ ಇಳಿದಾಗ ನೋಡಿದೆ. ಮೊದಲೇ ಕಡ್ಡಿ, ಈಗ ಎಳೆಯಾಗಿದ್ದಳು. ಬದುಕಿದ್ದಳು. ನಾನು ಬಾಗಿಲ ಹಿಂದೆ ನಿಂತು ಕಣ್ಣೀರು ಹಾಕಿದೆ. ನಮ್ಮತ್ತೆ "ಬಂದ್ಲಾ?" ಎಂದು ಕೇಳಿ, ಬಂದಳು ಎಂದರೆ, "ಬರ್ದೆ ಎಲ್ಲಿಗೆ ಹೋಗ್ತಾಳೆ ಪೀಡೆ," ಎಂದು ಹೋಗಿ ಮಲಗಿಬಿಟ್ಟರು. ಬೆಳಿಗ್ಗೆಯವರೆಗೆ ಏಳಲಿಲ್ಲ.

ಎದುರು ಕಿಟಕಿ ಆಮೇಲೂ ಬಹಳ ದಿನ ಮುಚ್ಚಿಯೇ ಇತ್ತು. ಒಂದು ಬೆಳಿಗ್ಗೆ ಚಿಲಕದ ಸದ್ದಾಯಿತು. ಕಡ್ಡಿಯಮ್ಮ ಕುರ್ಚಿ ಎಳೆದುಕೊಂಡು ಕೂತಳು. ಮುಖಕ್ಕೆ ಮಾಸ್ಕ್. ನಮ್ಮತ್ತೆ ಮೊದಲೇ ಕಿಟಕಿಯಲ್ಲಿದ್ದರು. ಇಬ್ಬರೂ ನೋಡಿಕೊಂಡರು. ಕಡ್ಡಿಯಮ್ಮ ಮಾಸ್ಕನ್ನು ಗಲ್ಲಕ್ಕೆ ಎಳೆದು ನಿಧಾನವಾಗಿ ತುಟಿಯಾಡಿಸಿದಳು. ನನಗೂ ಅರ್ಥವಾಗಲೆಂಬಷ್ಟು ನಿಧಾನವಾಗಿ.

ನಾನು ಅಂದಿದ್ದು ಬೇಡ.

ಅಂಗೈ ಎತ್ತಿ ಆಚೀಚೆ ಅಲ್ಲಾಡಿಸಿದಳು. ಮತ್ತೆ ಅಂದಳು, ಮತ್ತೆ ಕೈ ಆಡಿಸಿದಳು. ಬೇಡ. ಬೇಡ ಅಂದೆ ನಾನು. ಮಗು ಆವತ್ತು ಕಿರುಚಿಕೊಂಡಿದ್ದು ಕಿವಿಯಿಂದ ಹೋಗಿಲ್ಲ ಎಂದಳು. ಮಗನ ತಳ್ಳುಗಾಡಿ ವ್ಯಾಪಾರ ಹಾಳಾಯಿತು ಎಂದಳು. ಆ ದೊಡ್ಡ ಕೋಣೆಯಲ್ಲಿ ಎಡಗಡೆಯವಳನ್ನು ಮುಸುಕು ಹಾಕಿ ಒಯ್ದರು, ಬಲಗಡೆಯವಳನ್ನೂ ಒಯ್ದರು, ನಾನು ಒಬ್ಬಳೇ ಬಿದ್ದುಕೊಂಡು ದಿನವೆಲ್ಲ ನಿನ್ನನ್ನು ಬೈದೆ ಎಂದಳು. ನನ್ನ ಮನೆಯಲ್ಲಿ, ನನ್ನ ಹಾಸಿಗೆಯಲ್ಲಿ ಸಾಯುತ್ತಿದ್ದೆ. ಬೇಡ ಅಂದೆ.

ಅಷ್ಟರಲ್ಲಿ ಮಗ ಬಂದು ಆಕೆಯ ಹಿಂದೆ ನಿಂತಿದ್ದ. ಕೆಳಗೆ ಡ್ರಿಲ್ ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡು ಊದುವುದನ್ನು ಮರೆತು ತಲೆ ಎತ್ತಿದ್ದರು. ನಮ್ಮತ್ತೆ ತಪ್ಪು ಓದಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ತುಟಿಯಲ್ಲಿ ಹೇಳಿದ್ದರೂ ಸಾಕಿತ್ತು, ಬೀದಿಗೆ ಗೊತ್ತಾಗುತ್ತಿರಲಿಲ್ಲ. ಅವರು ಬಾಯಿ ತೆರೆದು, ಬೀದಿಯ ಎರಡೂ ತುದಿಗೆ ಕೇಳುವ ಹಾಗೆ ಹೇಳಿದರು.

"ಗೊತ್ತು ಕಣೇ! ಬೇಡ ಅಂತಾನೇ ಅಂದೆ ನೀನು. ನನಗೆ ಓದೋಕೆ ಬರಲ್ಲ ಅಂದ್ಕೊಂಡ್ಯಾ? ನೀನು ಬೇಡ ಅಂದಿದ್ದನ್ನ ನಾನು ಈ ಜನ್ಮದಲ್ಲಿ ಯಾವತ್ತಾದ್ರೂ ಕೇಳಿದ್ದೀನಾ?"

ನನ್ನ ಹಿಂದೆ ನನ್ನ ಗಂಡ "ಅಮ್ಮಾ!" ಎಂದರು, ಎಷ್ಟೋ ದಿನದ ಮೇಲೆ.

"ಕೇಳಿದ್ರಾ? ಎಲ್ರೂ ಕೇಳಿದ್ರಾ?" ಎದುರುಗಡೆಯಿಂದ ಮಗ ಕೂಗಿದ. ಸರಳಿನ ನಡುವೆ ಕೈ ಹೊರಗೆ ಹಾಕಿ ನಮ್ಮತ್ತೆಯತ್ತ ಚಾಚಿದ. "ಅವರ ಬಾಯಿಂದಾನೇ ಬಂತು! ಸುಳ್ಳು ಹೇಳಿ ನಮ್ಮನ್ನ ಹಿಡ್ಸಿಕೊಟ್ಟಿದ್ದು! ಈ ಮುದುಕೀನ ನಾನು..."

ಕಡ್ಡಿಯಮ್ಮ ಕುರ್ಚಿಯಲ್ಲೇ ತಿರುಗಿ ಅವನ ಕೈಯನ್ನು ಹಿಡಿದು ಒಳಗೆ ಎಳೆದಳು. ಆಸ್ಪತ್ರೆಯಿಂದ ಬಂದ ಮೇಲೆ ಆಕೆಯ ಗಂಟಲಿನಿಂದ ಬೀದಿ ಕೇಳಿದ ಮೊದಲ ಮಾತು ಅದು. ಒಡೆದ ದನಿ, ಆದರೂ ಸ್ಪಷ್ಟವಾಗಿತ್ತು.

"ನೀನು ಮಧ್ಯೆ ಬರಬೇಡ. ಇದು ನಮ್ಮಿಬ್ಬರ ಜಗಳ."

ಆಕೆ ಅವನ ಕೈ ಬಿಟ್ಟು, ಮತ್ತೆ ಈ ಕಡೆ ತಿರುಗಿ, ಮಾಸ್ಕನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ನಮ್ಮತ್ತೆ ಎದುರು ಕಿಟಕಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದರು:

"ಆ ಸ್ಟೂಲ್ ತಂದು ಹಾಕು. ಇವತ್ತು ಹೊತ್ತಾಗುತ್ತೆ."